ಎಷ್ಟು ಲೀಟರ್?

ಹುಸಾವಿಕ್‌ನಿಂದ ಅಕುರೇರಿಗೆ ಒಂದು ಗಂಟೆಯ ದಾರಿ,
ವೈಪರ್ ಒರೆಸಿದಷ್ಟೂ ಹಿಮ.
ಇಂಥ ಫೆಬ್ರವರಿಯಲ್ಲಿ ಐಸ್‌ಕ್ರೀಮ್ ಯಂತ್ರ ಕೊಳ್ಳಲು ಹೊರಟವನು
ನಾನೊಬ್ಬನೇ ಇರಬೇಕು. ಅಲ್ಲ, ಸುಳ್ಳು.
ನಮ್ಮವರು ಬಿರುಗಾಳಿಯಲ್ಲೂ ಕಾರಿನ ಹೀಟರ್ ಹಾಕಿ ಕೂತು
ಕೋನ್ ನೆಕ್ಕುವ ಜನ.

ಅಡುಗೆಯ ಏವಿಂದುರ್ ದೋಣಿ ಇಳಿಯುತ್ತಿದ್ದಾನೆ,
ಇಪ್ಪತ್ತಾರು ವರ್ಷದ ಮೇಲೆ.
ಎಂಟು ಮಂದಿ ಕೂಡಿಸಿದ ಹಣ ನನ್ನ ಜೇಬಲ್ಲಿದೆ.
"ಎಂಜಿನ್ ನೋಡುವವನು ನೀನು, ಯಂತ್ರ ನಿನಗೇ ಗೊತ್ತು"
ಎಂದು ಎಲ್ಲರೂ ಕೈ ತೊಳೆದುಕೊಂಡರು.

ಭಾನುವಾರಗಳಲ್ಲಿ, ಅಲೆ ಎಷ್ಟೇ ಇರಲಿ,
ಡಬ್ಬಿಯ ಪೀಚ್ ಹಣ್ಣಿನ ಪಕ್ಕ ಒಂದು ಬಿಳಿ ಗುಡ್ಡೆ ಇಡುತ್ತಿದ್ದ.
"ಅಂಗಡಿಯದು, ಐಸ್‌ಕ್ರೀಮಲ್ಲ ಇದು,
ಹೆಪ್ಪುಗಟ್ಟಿದ ಸುಳ್ಳು" ಎಂದು ಬೈಯುತ್ತಲೇ ಬಡಿಸುತ್ತಿದ್ದ.
ಅಷ್ಟು ಸಾಕಾಯಿತು ನಮಗೆ, ಉಡುಗೊರೆ ಗೊತ್ತುಮಾಡಲು.

ಅಂಗಡಿಯಲ್ಲಿ ಮೂರು ಬಗೆ.
ಒಂದು ಮರದ ಬಕೆಟ್ಟು. ಸುತ್ತ ಐಸು, ಕಲ್ಲುಪ್ಪು,
ಅರ್ಧ ಗಂಟೆ ಹಿಡಿ ತಿರುಗಿಸಬೇಕು.
ಅವನ ಬಲಭುಜ ನನಗೆ ಗೊತ್ತು:
ಕುದಿವ ಪಾತ್ರೆ ಜಾರಿದ ರಾತ್ರಿ
ಅದನ್ನು ತಡೆದದ್ದು ಆ ಭುಜವೇ. ಬೇಡ.
ಇನ್ನೊಂದಕ್ಕೆ ಬಟ್ಟಲನ್ನು ಹಿಂದಿನ ದಿನವೇ
ಫ್ರೀಜರಿನಲ್ಲಿ ಮಲಗಿಸಬೇಕಂತೆ,
ಇವತ್ತಿನ ಆಸೆಗೆ ನಾಳೆ ಚಮಚ.
ಮೂರನೆಯದು ತಾನೇ ತಣ್ಣಗಾಗುತ್ತದೆ.
ಹನ್ನೊಂದು ಕಿಲೋ. ಚಾಲೂ ಮಾಡಿಸಿ, ಕಿವಿ ಆನಿಸಿ ಕೇಳಿದೆ.
ಕಂಪ್ರೆಸರ್ ಒಳ್ಳೆಯದು, ಬೇರಿಂಗ್ ಗೊಣಗುವುದಿಲ್ಲ.

ಕೌಂಟರಿನ ಹುಡುಗಿ ಸೋಲ್ವೇಗ್
(ಎದೆಯ ಮೇಲೆ ಹೆಸರಿನ ಚೀಟಿ) ಕೇಳಿದಳು:
"ಒಂದು ಲೀಟರಿನದೋ, ಎರಡರದೋ?
ಅವರ ಮನೆಯಲ್ಲಿ ಎಷ್ಟು ಜನ?"

ಬಾಯಿ ತೆರೆದೆ.
ಯಾವ ಚಾಕು ಮುಟ್ಟಿದರೆ ಅವನು ಕೂಗಾಡುತ್ತಾನೆ, ಗೊತ್ತು.
ಗಾಳಿ ಎಷ್ಟು ಏರಿದರೆ ಸೂಪು ಬಿಟ್ಟು ಬ್ರೆಡ್ಡಿಗೆ ಇಳಿಯುತ್ತಾನೆ, ಗೊತ್ತು.
ಉಪ್ಪಿನ ಋಣ ಅಂತಾರಲ್ಲ,
ನನ್ನ ಡಾಕ್ಟರು ಅದನ್ನು ರಕ್ತದೊತ್ತಡ ಅನ್ನುತ್ತಾನೆ.
ಆದರೆ ಆ ಮನುಷ್ಯ ತನ್ನ ಮನೆಯಲ್ಲಿ
ಯಾರೆದುರು ಕೂತು ಉಣ್ಣುತ್ತಾನೆ?

ಕೋಲ್ಬೇನ್‌ಗೆ ಫೋನು: "ಮಗಳು ಡೆನ್ಮಾರ್ಕಿನಲ್ಲಿ. ಸ್ವೀಡನ್ನೋ?"
ತೋರ್ಗಿಲ್ಸ್: "ಹೆಂಡತಿ ಇದ್ದಳಲ್ಲ, ಕೆಂಪು ಕೋಟಿನವಳು..."
ಆಮೇಲೆ ತುಸು ತಡೆದು, "ಇದ್ದಾಳಾ?"
ಕ್ಯಾಪ್ಟನ್ ಮಾತ್ರ ಖಡಾಖಂಡಿತ: "ಬೆಕ್ಕಿದೆ."

ಸೋಲ್ವೇಗ್ ಇನ್ನೊಬ್ಬರಿಗೆ ಕಾಫಿ ಮೆಷಿನ್ ತೋರಿಸಿ ಬಂದಳು.
ನಾನು ಅಲ್ಲೇ, ಡಬ್ಬದ ಮೇಲಿನ ಸ್ಟ್ರಾಬೆರಿ ಚಿತ್ರವನ್ನೇ ನೋಡುತ್ತಾ.

ಕೊನೆಗೆ ಅವನಿಗೇ ಮಾಡಿದೆ. ಡ್ರಿಲ್ ಬೇಕಿತ್ತು ಎಂದು ಸುಳ್ಳು ಹೇಳಿ,
ಹವಾಮಾನ ಸುತ್ತಿ, ಕಾಡ್ ಮೀನಿನ ಬೆಲೆ ಸುತ್ತಿ,
"ಅಂದಹಾಗೆ, ನಿಮ್ಮ ಮನೆಯಲ್ಲಿ ಎಷ್ಟು ಜನ?" ಎಂದೆ.
ಆ ಕಡೆ ಏನೋ ಬಾಣಲೆಗೆ ಬಿದ್ದು ಚುಂಯ್ ಎಂದಿತು.
ಉರಿ ತಗ್ಗಿಸಿದನೇನೋ, ಸದ್ದು ಕಡಿಮೆಯಾಯಿತು.
"ಯಾಕೆ?" ಎಂದ. "ಎಷ್ಟು ಜನ ಬರ್ತೀರಿ?"

ಎರಡು ಲೀಟರಿನದೇ ಕಟ್ಟಿಸಿದೆ.
ಮೇಲೆ ಬಿದ್ದ ದುಡ್ಡು ನನ್ನದು, ಎಂಟೂ ಮಂದಿಗೆ ಹೇಳುವುದಿಲ್ಲ;
ಹೇಳಿದರೂ ಹೇಳಬಹುದು, ಕೋಲ್ಬೇನ್ ಜುಗ್ಗ.
"ರಸೀದಿ ಜೋಪಾನ, ಮೂವತ್ತು ದಿನದೊಳಗೆ ಬದಲಾಯಿಸಬಹುದು"
ಎಂದಳು ಹುಡುಗಿ.

ಡಿಕ್ಕಿಯ ತುಂಬಾ ಬಲೆ. ಡಬ್ಬವನ್ನು ಮುಂದಿನ ಸೀಟಿನಲ್ಲೇ ಇಟ್ಟೆ.
ಹೊರಟ ಕೂಡಲೇ ಕಾರು ಬಡಕೊಳ್ಳತೊಡಗಿತು,
ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಬೆಲ್ಟಿಲ್ಲ ಎಂದು.
ನಿಲ್ಲಿಸಿ, ಅಡ್ಡ ಬಾಗಿ,
ಬೆಲ್ಟ್ ಎಳೆದು ಹಾಕಿದೆ.